ಮಧ್ಯಾಹ್ನ ಮಾತ್ರ ತಂಪಾಗದ ಎಸಿ: ಮೆಕ್ಯಾನಿಕ್‌ರನ್ನು ಕರೆಸುವ ಮುನ್ನ ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ (ಕಲಬುರಗಿಯಿಂದ)

ನಮಸ್ಕಾರ. ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಇದೆ, ಇನ್ವರ್ಟರ್ ಮಾದರಿಯದಲ್ಲ. ಹೋದ ಬೇಸಿಗೆಯವರೆಗೆ ಚೆನ್ನಾಗಿಯೇ ನಡೆದ ಅದು, ಈ ಸಲ ಏಪ್ರಿಲ್ ಬಿಸಿಲು ಏರಿದ ಮೇಲೆ ರಾತ್ರಿ ಕೋಣೆಯನ್ನು ತಣಿಸುತ್ತದೆಯಾದರೂ ಮಧ್ಯಾಹ್ನದಿಂದ ಸಂಜೆಯವರೆಗೆ ಬರೀ ಗಾಳಿ ಬೀಸುತ್ತದೆ. ಫೋನಿನಲ್ಲಿ ವಿಚಾರಿಸಿದರೆ, ಮೆಕ್ಯಾನಿಕ್ ಒಬ್ಬರು ಯಂತ್ರವನ್ನು ನೋಡುವ ಮೊದಲೇ ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು ಎಂದುಬಿಟ್ಟರು. ಅದಕ್ಕೆ ಒಪ್ಪುವ ಮುನ್ನ ನಾವೇ ನೋಡಬಹುದಾದ ಸಂಗತಿಗಳಿದ್ದರೆ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಮೊದಲು ರಿಮೋಟ್ ನೋಡಿ. ಫ್ಯಾನ್ ಅಥವಾ ಡ್ರೈ ಮೋಡ್‌ನಲ್ಲಿಟ್ಟು ಎಸಿ ಕೆಟ್ಟಿದೆ ಎನ್ನುವವರು ಕಡಿಮೆಯಿಲ್ಲ. ಕೂಲ್ ಮೋಡ್‌ನಲ್ಲಿ 24 ಡಿಗ್ರಿಗೆ ಇಟ್ಟು, ಕರೆಂಟ್ ಹೋಗಿ ಬಂದಿದ್ದರೆ ಮೂರ್ನಾಲ್ಕು ನಿಮಿಷ ಕಾಯಿರಿ. ಕಂಪ್ರೆಸರ್‌ನ (ಹೊರಗಿನ ಯೂನಿಟ್‌ನಲ್ಲಿ ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟಾರು ಪಂಪಿನ) ರಕ್ಷಣೆಗಾಗಿ ಅಷ್ಟು ವಿಳಂಬವನ್ನು ಯಂತ್ರದಲ್ಲೇ ಇಟ್ಟಿರುತ್ತಾರೆ. ಬಳಿಕ ಒಳಗಿನ ಯೂನಿಟ್‌ನ ಫಿಲ್ಟರ್‌ಗಳನ್ನು ತೆಗೆದು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ ಹಾಕಿ. ನಿಮ್ಮ ಕಡೆಯ ಧೂಳಿಗೆ ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ತೊಳೆದರೂ ಹೆಚ್ಚೇನಲ್ಲ.

ಉತ್ತರ 2

ರಾತ್ರಿ ತಣಿಸುತ್ತದೆ ಎಂಬ ನಿಮ್ಮ ಮಾತೇ ಇಲ್ಲಿ ಮುಖ್ಯ ಸುಳಿವು. ಗ್ಯಾಸ್ ತೀರ ಇಳಿದಿದ್ದರೆ ರಾತ್ರಿಯೂ ಸರಿಯಾದ ತಂಪು ಸಿಗುತ್ತಿರಲಿಲ್ಲ. ಅಲ್ಲದೆ, ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನದರಂತೆ ಬಳಸಿದಷ್ಟೂ ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಆದ್ದರಿಂದ ಸೋರಿಕೆಯನ್ನು ಹುಡುಕಿ ಮುಚ್ಚದೆ, ವ್ಯಾಕ್ಯೂಮ್ ಮಾಡದೆ (ಕೊಳವೆಗಳೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೊರತೆಗೆಯದೆ), ಯಂತ್ರದ ಫಲಕದಲ್ಲಿ ಬರೆದ ತೂಕಕ್ಕೆ ಅಳೆಯದೆ ಗ್ಯಾಸ್ ತುಂಬಿಸುವುದು ಹಣ ಕಳೆದುಕೊಳ್ಳುವ ದಾರಿ. ಹೊರಗಿನ ಯೂನಿಟ್‌ಗೆ ಸೇರುವ ತೆಳು ಕೊಳವೆಯ ಬಾಯಲ್ಲಿ ಹಿಮ ಕಟ್ಟಿದ್ದರೆ, ಅಥವಾ ನಟ್‌ಗಳ ಸುತ್ತ ಎಣ್ಣೆಯ ಜಿಡ್ಡಿದ್ದರೆ ಮಾತ್ರ ಸೋರಿಕೆಯನ್ನು ಶಂಕಿಸಿ.

ನನ್ನ ಅನುಮಾನ ಹೊರಗಿನ ಯೂನಿಟ್‌ನ ಮೇಲಿದೆ. ಕೋಣೆಯ ಶಾಖವನ್ನೆಲ್ಲ ಅದು ಹೊರಗಿನ ಗಾಳಿಗೆ ಬಿಟ್ಟುಕೊಡಬೇಕು. ಎಸಿಯ ಸಾಮರ್ಥ್ಯವನ್ನು ಸಾಮಾನ್ಯವಾಗಿ ಅಳೆಯುವುದೇ ಹೊರಗೆ 35 ಡಿಗ್ರಿ ಇದ್ದಾಗ, ಕಲಬುರಗಿಯ ಮಧ್ಯಾಹ್ನವೋ 40 ದಾಟಿರುತ್ತದೆ. ಅದರ ಮೇಲೆ ಕಾಯಿಲ್‌ನ (ಶಾಖ ಬಿಡುವ ಕೊಳವೆ ಸುರುಳಿಯ) ತೆಳು ಲೋಹದ ರೆಕ್ಕೆಗಳಿಗೆ ಧೂಳು ಮೆತ್ತಿದ್ದರೆ, ಅಥವಾ ಬಿಸಿಗಾಳಿ ಹೊರಹೋಗದಂತೆ ಎದುರಿಗೆ ಸಾಮಾನು ಪೇರಿಸಿದ್ದರೆ, ಕಂಪ್ರೆಸರ್ ಕಾದು ತಾನಾಗಿಯೇ ನಿಲ್ಲುತ್ತದೆ. ಎಂಸಿಬಿ (ಎಸಿಯ ವಿದ್ಯುತ್ ಕಡಿಯುವ ಸ್ವಿಚ್) ಆಫ್ ಮಾಡಿ, ಕೈಗೆಟುಕುವ ಜಾಗವಾದರೆ ಮಾತ್ರ, ಮೃದುವಾಗಿ ನೀರು ಹಾಯಿಸಿ ತೊಳೆಯಿರಿ. ಕಾರು ತೊಳೆಯುವ ಪ್ರೆಷರ್ ಪಂಪ್ ಬೇಡ, ರೆಕ್ಕೆಗಳು ಮಡಚಿಹೋಗುತ್ತವೆ.

ತೊಳೆದು ಒಣಗಿದ ಮೇಲೆ ಎಸಿಯನ್ನು ಕಾಲು ಗಂಟೆ ನಡೆಸಿ, ಒಳಗಿನ ಯೂನಿಟ್ ಮೇಲಿನಿಂದ ಎಳೆದುಕೊಳ್ಳುವ ಗಾಳಿಯ ಮತ್ತು ಕೆಳಗೆ ಬಿಡುವ ಗಾಳಿಯ ಉಷ್ಣತೆಯನ್ನು ಥರ್ಮಾಮೀಟರಿನಿಂದ ನೋಡಿ. ನಡುವೆ 8ರಿಂದ 12 ಡಿಗ್ರಿ ಅಂತರವಿದ್ದರೆ ಯಂತ್ರ ಬಹುಮಟ್ಟಿಗೆ ಸರಿಯಿದೆ. ಆಗ ಕಾದ ತಾರಸಿಯ ಕಡೆಗೂ ಪಶ್ಚಿಮದ ಕಿಟಕಿಯ ಕಡೆಗೂ ಗಮನ ಕೊಡಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಫಿಲ್ಟರ್ ಅಷ್ಟೇನೂ ಕೊಳೆಯಾಗಿರಲಿಲ್ಲ, ಆದರೆ ಹೊರಗಿನ ಕಾಯಿಲ್ ಧೂಳಿನಿಂದ ಪೂರ್ತಿ ಮುಚ್ಚಿಹೋಗಿತ್ತು. ತೊಳೆದ ಮೇಲೆ ಮಧ್ಯಾಹ್ನವೂ 10 ಡಿಗ್ರಿಯ ಅಂತರ ಬರುತ್ತಿದೆ. ಹಿಮವಾಗಲಿ ಎಣ್ಣೆಯಾಗಲಿ ಕಾಣಲಿಲ್ಲ. ಆದರೂ ಸಂಜೆಯ ಹೊತ್ತಿಗೆ ಒಮ್ಮೊಮ್ಮೆ ಹೊರಗಿನ ಫ್ಯಾನ್ ತಿರುಗುತ್ತಿರುವಾಗಲೇ ಕಂಪ್ರೆಸರ್ ಗುಂಯ್ ಎಂದು, ಕೆಲವೇ ಕ್ಷಣಗಳಲ್ಲಿ ಟಕ್ ಎಂದು ನಿಂತುಬಿಡುತ್ತದೆ. ನಮ್ಮಲ್ಲಿ ಸ್ಟೆಬಿಲೈಜರ್ ಇಲ್ಲ.

ಉತ್ತರ 2 ಬರೆದವರಿಂದ

ಹಾಗಿದ್ದರೆ ಕಂಪ್ರೆಸರ್ ಹೊರಡಲು ಯತ್ನಿಸಿ ಸೋಲುತ್ತಿದೆ. ಒಂದೋ ಬೀದಿಯ ಎಲ್ಲ ಎಸಿಗಳೂ ಓಡುವ ಆ ಹೊತ್ತಿನಲ್ಲಿ ವೋಲ್ಟೇಜ್ ಕುಸಿಯುತ್ತಿರಬೇಕು, ಇಲ್ಲವೇ ಕಂಪ್ರೆಸರ್ ಹೊರಡಲು ನೆರವಾಗುವ ಕೆಪಾಸಿಟರ್ ಸೊರಗಿರಬೇಕು. ಪ್ಲಗ್ ಅಥವಾ ಸಾಕೆಟ್ ಕಪ್ಪಾಗಿದೆಯೇ, ಮುಟ್ಟಿದರೆ ಬಿಸಿಯಾಗಿದೆಯೇ ಎಂಬುದನ್ನೂ ನೋಡಿ. ಸಡಿಲ ಜೋಡಣೆಯೂ ಇದೇ ಲಕ್ಷಣ ತೋರಿಸುತ್ತದೆ. ಇದಕ್ಕಿಂತ ಮುಂದೆ ನೀವು ಕೈ ಹಾಕಬೇಡಿ, ಏಕೆಂದರೆ ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ.

ಈಗ ಮೆಕ್ಯಾನಿಕ್‌ರನ್ನು ಕರೆಸಿ, ಆದರೆ ಬೆಳಿಗ್ಗೆಯಲ್ಲ, ತೊಂದರೆ ಕಾಣಿಸುವ ಸಂಜೆಯ ಹೊತ್ತಿಗೇ. ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಮೀಟರಿನಲ್ಲಿ ನೋಡಲು ಹೇಳಿ. ತೀರ ಇಳಿದರೆ ಎಸಿಗೆಂದೇ ಮಾಡಿದ ಸ್ಟೆಬಿಲೈಜರ್ ಬೇಕು. ಇಳಿಯದಿದ್ದರೆ ಮೊದಲು ಕೆಪಾಸಿಟರ್ ಅಳೆಯಿಸಿ. ಅದನ್ನು ಬದಲಿಸುವ ಖರ್ಚು ಗ್ಯಾಸ್ ತುಂಬಿಸುವ ಖರ್ಚಿಗಿಂತ ಬಹಳ ಕಡಿಮೆ.