ಕಡಿಮೆ ಗಾಳಿಗೆ ಯಾವ ಕೈಟ್ ತಗೊಳ್ಳಲಿ? ಹೈಡ್ರೋಫಾಯಿಲ್ ಓಡಿಸುವವರು ಹೇಳಿ

ಪ್ರಶ್ನೆ, ಮಂಡ್ಯದಿಂದ

ತೂಕ 82 ಕೆಜಿ. ಮುದ್ದೆ ಬಿಡುವ ಯೋಚನೆ ಇಲ್ಲ, ಹಾಗಾಗಿ ಇಳಿಯುವ ಲಕ್ಷಣವೂ ಇಲ್ಲ. ರಾಮೇಶ್ವರದಲ್ಲಿ ಟ್ವಿನ್ ಟಿಪ್ ಬೋರ್ಡಿನ (ಎರಡು ತುದಿಯೂ ಒಂದೇ ತರಹ ಇರುವ ಮಾಮೂಲಿ ಹಲಗೆ) ಮೇಲೆ ಕೈಟಿಂಗ್, ಅಂದರೆ ದೊಡ್ಡ ಗಾಳಿಪಟದ ಎಳೆತದಲ್ಲಿ ನೀರಿನ ಮೇಲೆ ಓಡುವುದನ್ನು, ಕಲಿತಿದ್ದೇನೆ. ಎರಡೂ ದಿಕ್ಕಿಗೆ ಓಡಿಸುತ್ತೇನೆ, ಹೊರಟ ಜಾಗಕ್ಕೇ ವಾಪಸ್ ಬರುತ್ತೇನೆ. ನನ್ನ ಹತ್ತಿರ ಇರುವುದು ಮೂರು ಸ್ಟ್ರಟ್‌ನ 12 ಮೀಟರ್ ಕೈಟ್ (ಸ್ಟ್ರಟ್ ಅಂದರೆ ಕೈಟಿನ ಅಡ್ಡಕ್ಕಿರುವ, ಗಾಳಿ ತುಂಬಿದ ಪಕ್ಕೆಲುಬು; ಕೈಟಿನ ಅಳತೆ ಚದರ ಮೀಟರಿನಲ್ಲಿ). ಈಗ ಹೈಡ್ರೋಫಾಯಿಲ್, ಅಂದರೆ ಬೋರ್ಡಿನ ಕೆಳಗೆ ಕಂಬ, ಅದರ ತುದಿಗೆ ರೆಕ್ಕೆ ಇದ್ದು ಬೋರ್ಡನ್ನು ನೀರಿನಿಂದ ಮೇಲೆತ್ತುವ ಸಾಧನ, ಕಲಿಯುವ ಆಸೆ. ರಜೆ ಸಿಗುವುದು ಜನವರಿಯಿಂದ ಏಪ್ರಿಲ್ ಒಳಗೆ. ಹೋಗುವುದು ಕಾಪು, ಮಂಗಳೂರು ಕಡೆ. ನಾನು ನೋಡಿದ ಮಟ್ಟಿಗೆ ಅಲ್ಲಿ ಮಧ್ಯಾಹ್ನದ ಗಾಳಿ 7ರಿಂದ 11 ನಾಟ್ ಅಷ್ಟೇ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಸೆಕೆಂಡ್ ಹ್ಯಾಂಡ್‌ನಲ್ಲಿ 17 ಮೀಟರ್ ಕೈಟ್ ಒಂದು ಸಿಗ್ತಿದೆ. ತಗೊಳ್ಳಲಾ? ಅಥವಾ ಪ್ಯಾರಾಗ್ಲೈಡರ್ ತರಹದ, ಪಂಪ್ ಹೊಡೆದು ಗಾಳಿ ತುಂಬುವ ಟ್ಯೂಬ್ ಇಲ್ಲದ ಕೈಟ್ ಒಳ್ಳೆಯದಾ? ಹಾಗೇ, ಕೆಆರ್‌ಎಸ್ ಹಿನ್ನೀರಲ್ಲಿ ಇದೆಲ್ಲ ಆಗುತ್ತಾ?

ಮೈಸೂರು, ಸರಸ್ವತಿಪುರಂನಿಂದ

17 ಬೇಡ.

ಟ್ವಿನ್ ಟಿಪ್ ಲೆಕ್ಕದಲ್ಲಿ ನಿಮ್ಮ ಯೋಚನೆ ಸರಿಯೇ. 82 ಕೆಜಿಗೆ, 10–11 ನಾಟ್ ಗಾಳಿಗೆ, 15ರಿಂದ 17 ಮೀಟರ್ ಬೇಕೇ ಬೇಕು. ಫಾಯಿಲ್ ಲೆಕ್ಕ ಬೇರೆ. ಬೋರ್ಡ್ ಮೇಲೆದ್ದ ಮೇಲೆ ನೀರೊಳಗೆ ಉಳಿಯುವುದು ಮಾಸ್ಟ್ (ಕೆಳಗಿನ ಕಂಬ) ಮತ್ತು ರೆಕ್ಕೆಗಳು ಮಾತ್ರ. ನೀರಿನ ತಡೆ ತುಂಬಾ ಕಡಿಮೆ. 8 ನಾಟ್ ಗಾಳಿಯಲ್ಲಿ 14–15 ನಾಟ್ ವೇಗದಲ್ಲಿ ಹೋಗಬಹುದು. ನೀವು ಓಡುತ್ತಿರುವುದರಿಂದಲೇ ಕೈಟಿಗೆ ತಾಗುವ ಗಾಳಿ ಹೆಚ್ಚಾಗುತ್ತದೆ. ದಡದಲ್ಲಿ ನಿಂತವರಿಗೆ 8 ನಾಟ್ ಅನ್ನಿಸುತ್ತಿರುವಾಗ ನಿಮಗೆ ಅದರ ದುಪ್ಪಟ್ಟು ಸಿಗುತ್ತಿರುತ್ತದೆ. ಆಗ 17 ಮೀಟರ್ ಕೈಟ್ ಎಳೆದುಕೊಂಡೇ ಹೋಗುತ್ತದೆ. ತಿರುಗಿಸೋಣ ಅಂದರೆ ಬೇಗ ತಿರುಗುವುದೂ ಇಲ್ಲ.

ಕಬ್ಬಿನ ಗಾಡಿ ಹೊರಡಿಸುವಾಗ ಮಾತ್ರ ಎತ್ತಿಗೆ ಕಷ್ಟ, ಚಕ್ರ ಉರುಳಿದ ಮೇಲೆ ಸುಮ್ನೆ ನಡೆಯುತ್ತವೆ ಅಲ್ವಾ? ಇದೂ ಹಾಗೇ. ಕಷ್ಟ ಇರುವುದು ನೀರಿನಿಂದ ಮೇಲೇಳುವ ಆ ಕೆಲವು ಸೆಕೆಂಡಿನಲ್ಲಿ. ಅಲ್ಲಿಗೆ ಬೇಕಾದ ಎಳೆತ ಕೈಟಿನ ಅಳತೆಯಿಂದ ಮಾತ್ರ ಬರುವುದಿಲ್ಲ, ಕೈಟ್ ಆಕಾಶದಲ್ಲಿ ಎಷ್ಟು ಬೇಗ ಓಡಾಡುತ್ತದೆ ಅನ್ನುವುದರಿಂದಲೂ ಬರುತ್ತದೆ. 10 ಮೀಟರ್ ಕೈಟನ್ನು ಮೇಲೆ ಕೆಳಗೆ ಚುರುಕಾಗಿ ಬೀಸಬಹುದು. 17 ಮೀಟರಿನದು ಒಂದು ಸಲ ತಿರುಗುವಷ್ಟರಲ್ಲಿ ನೀವು ಮತ್ತೆ ನೀರಲ್ಲಿ ಕೂತಿರುತ್ತೀರಿ.

ಇನ್ನೊಂದು ಲೆಕ್ಕ ನೋಡಿ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರ ಬಲ ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. 12 ನಾಟ್ ಇದ್ದದ್ದು 6ಕ್ಕೆ ಬಿದ್ದರೆ ಅದನ್ನು ಸರಿದೂಗಿಸಲು ನಾಲ್ಕು ಪಟ್ಟು ಬಟ್ಟೆ ಬೇಕು. 12 ಮೀಟರಿನಿಂದ 17ಕ್ಕೆ ಹೋದರೆ ಸಿಗುವುದು ಶೇ 40ರಷ್ಟು ಹೆಚ್ಚು. ಜೊತೆಗೆ ತೂಕವೂ ಬರುತ್ತದೆ. ಗಾಳಿ ಬಿದ್ದಾಗ ಭಾರದ ಕೈಟ್ ಹಿಂದಕ್ಕೆ ಜಾರಿ, ಲೈನ್ ಸಡಿಲವಾಗಿ, ತಪ್ ಅಂತ ನೀರಿಗೆ ಬೀಳುತ್ತದೆ. 6–7 ನಾಟಿನಲ್ಲಿ ಬಿದ್ದ ದೊಡ್ಡ ಕೈಟನ್ನು ಎಬ್ಬಿಸುವುದು ಅಂದರೆ ಸಾಕು ಸಾಕಾಗುತ್ತದೆ. ಅದಕ್ಕೇ ನಾನು ಕಡಿಮೆ ಗಾಳಿಯ ಕೈಟಿನಲ್ಲಿ ಎರಡೇ ವಿಷಯ ನೋಡುವುದು. ಗಾಳಿ ಸತ್ತಾಗ ಮೇಲೆ ನಿಲ್ಲುತ್ತದಾ, ಬಿದ್ದರೆ ಎದ್ದು ಬರುತ್ತದಾ? ಅಳತೆ ಆಮೇಲೆ.

ಒಂದೇ ಸ್ಟ್ರಟ್ ಇರುವ ಟ್ಯೂಬ್ ಕೈಟುಗಳು ಈ ಎರಡರಲ್ಲೂ ಚೆನ್ನಾಗಿವೆ. ಓಝೋನ್ ಆಲ್ಫಾ ತರಹದವು. ಒಂದೇ ಸ್ಟ್ರಟ್ ಇರುವುದರಿಂದ ಹಗುರ, ಪಂಪ್ ಮಾಡುವ ಕೆಲಸವೂ ಕಡಿಮೆ. ಗಾಳಿ ಜಾಸ್ತಿಯಾದರೆ ಬಟ್ಟೆ ಪಟಪಟ ಅನ್ನುತ್ತದೆ, ಆಕಾರ ಸ್ವಲ್ಪ ಕೆಡುತ್ತದೆ. ನಿಮಗೆ ಬೇಕಿರುವುದು 7ರಿಂದ 11 ನಾಟಿಗೆ, ಹಾಗಾಗಿ ಅದು ತೊಂದರೆಯೇ ಅಲ್ಲ. ನಿಮ್ಮ ತೂಕಕ್ಕೆ 10 ಅಥವಾ 11 ಮೀಟರ್ ನೋಡಿ. ಅಲ್ಯೂಲಾ ಅನ್ನುವ ಹಗುರ ಬಟ್ಟೆಯ ಟ್ಯೂಬ್ ಇರುವ ಕೈಟುಗಳು ಇನ್ನೂ ಹಗುರ, ಆದರೆ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಆದರೂ ಈಗಲೇ ಕೈಟ್ ಕೊಳ್ಳಬೇಡಿ ಅಂತಲೇ ನನ್ನ ಸಲಹೆ. ಇರುವ 12ರಲ್ಲೇ ಕಲಿಯಿರಿ. 9–10 ನಾಟ್ ಇದ್ದರೆ ಅದು ಸಾಕು. ದುಡ್ಡನ್ನು ಫಾಯಿಲಿನ ಫ್ರಂಟ್ ವಿಂಗಿಗೆ, ಅಂದರೆ ಮುಂದಿನ ರೆಕ್ಕೆಗೆ, ಹಾಕಿ. 1,500 ಚದರ ಸೆಂಟಿಮೀಟರ್ ಆಸುಪಾಸಿನ ದೊಡ್ಡ ರೆಕ್ಕೆ ಇದ್ದರೆ ಕಡಿಮೆ ವೇಗದಲ್ಲೇ ಬೋರ್ಡ್ ಮೇಲೇಳುತ್ತದೆ. ಸಣ್ಣ ರೆಕ್ಕೆ ಇಟ್ಟುಕೊಂಡು ದೊಡ್ಡ ಕೈಟ್ ಹುಡುಕುವವರು ಬಹಳ ಜನ ಇದ್ದಾರೆ, ಅದು ಉಲ್ಟಾ ದಾರಿ. ತೇಲುವ, ಸ್ವಲ್ಪ ದಪ್ಪ ಬೋರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು.

ಮೈಸೂರು, ಕುವೆಂಪುನಗರದಿಂದ

ಮೇಲಿನವರು ಟ್ಯೂಬ್ ಇಲ್ಲದ ಕೈಟನ್ನು ಬಿಟ್ಟೇಬಿಟ್ಟರು. ನಾನು ಅದನ್ನೇ ಓಡಿಸುವುದು, ಅದಕ್ಕೇ ಬರೆಯುತ್ತಿದ್ದೇನೆ.

ಕಡಿಮೆ ಗಾಳಿಗೆ ಅದರ ಮುಂದೆ ಯಾವುದೂ ಇಲ್ಲ. ಪ್ಯಾರಿಸ್ 2024ರ ಒಲಿಂಪಿಕ್ಸಿನಲ್ಲಿ ಕೈಟ್ ಮೊದಲ ಸಲ ಬಂತಲ್ಲ, ಆಸ್ಟ್ರಿಯಾದ ವ್ಯಾಲೆಂಟಿನ್ ಬೊಂಟುಸ್, ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್ ಚಿನ್ನ ಗೆದ್ದರು, ಅಲ್ಲಿ ಎಲ್ಲರ ಕೈಯಲ್ಲೂ ಇದ್ದದ್ದು ಇದೇ ಜಾತಿಯ ಕೈಟ್, ಕಾಲಡಿಯಲ್ಲಿ ಹೈಡ್ರೋಫಾಯಿಲ್. ಮುಂಭಾಗದ ಬಾಯಿಗಳಿಂದ ಗಾಳಿ ಒಳಗೆ ಹೋಗಿ ಕೋಣೆಗಳು ಉಬ್ಬುತ್ತವೆ. ಪಂಪೇ ಬೇಡ. ಅಳತೆಗೆ ತೂಕ ಕಡಿಮೆ, ಗಾಳಿಗೆದುರಾಗಿ ಹತ್ತುವುದರಲ್ಲಿ ಬಲು ಚುರುಕು. ಮಡಚಿದರೆ ಒಂದು ಸಾಧಾರಣ ಬ್ಯಾಗಿನಲ್ಲಿ ಕೂರುತ್ತದೆ.

ನೀರಿಗಾದರೆ ಕ್ಲೋಸ್ಡ್ ಸೆಲ್ ಅನ್ನುವ ಜಾತಿಯೇ ಆಗಬೇಕು. ಅದರ ಬಾಯಿಗಳಿಗೆ ಕವಾಟ ಇರುತ್ತದೆ, ಬಿದ್ದರೂ ಸ್ವಲ್ಪ ಹೊತ್ತು ಗಾಳಿ ಹಿಡಿದುಕೊಂಡು ತೇಲುತ್ತದೆ. ಓಪನ್ ಸೆಲ್ ಕೈಟ್ ನೆಲಕ್ಕೆ, ಹಿಮಕ್ಕೆ ಸರಿ. ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ಕಡಲಿಗೆ ತರಬೇಡಿ. ನೀರು ತುಂಬಿದರೆ ಅದು ಒದ್ದೆ ಕಂಬಳಿ.

ಅಳತೆ ನೋಡಿ ಮರುಳಾಗಬೇಡಿ. ಒಲಿಂಪಿಕ್ಸಿನ ಗಂಡಸರು 20 ಮೀಟರ್ ದಾಟಿದ ಕೈಟ್ ಹಿಡಿಯುತ್ತಾರೆ, ಅವು ರೇಸಿಗೆ ಮಾಡಿದ ತೆಳ್ಳಗಿನ ಉದ್ದ ಕೈಟುಗಳು. ಕಲಿಯುವವರಿಗೆ ಕಂಟಕ. ಆ ಅಳತೆ ಹಿಡಿದೂ ಆ ರೇಸುಗಳು ನಡೆದ ಮಾರ್ಸೇಯಲ್ಲಿ ಗಾಳಿ ಇಲ್ಲದೆ ರೇಸುಗಳು ಮುಂದಕ್ಕೆ ಹೋದವು. ನಿಮಗೆ ಬೇಕಾದದ್ದು ಫ್ಲೈಸರ್ಫರ್ ಸೋಲ್, ಓಝೋನ್ ಹೈಪರ್‌ಲಿಂಕ್ ತರಹದ ಸಾಧು ಸ್ವಭಾವದ್ದು, 10–12 ಮೀಟರ್.

ತೊಂದರೆಯನ್ನೂ ಹೇಳಿಬಿಡುತ್ತೇನೆ. ಕೈಟಿನ ಬಟ್ಟೆಗೆ ಕಟ್ಟಿರುವ ಬ್ರೈಡಲ್ ದಾರಗಳು ಬಹಳ. ಮರಳಿನ ಮೇಲೆ ಒಂದು ಕಡ್ಡಿ ಸಿಕ್ಕಿಕೊಂಡರೂ ಬಿಡಿಸುತ್ತಾ ಕೂರಬೇಕು. ಅಲೆ ಒಡೆಯುವ ಜಾಗದಲ್ಲಿ ಬಿದ್ದರೆ ಅಲೆ ಅದನ್ನು ಸುತ್ತಿ ಗಂಟು ಮಾಡುತ್ತದೆ. ಕಾಪುವಿನಲ್ಲಿ ದಡದ ಹತ್ತಿರ ಅಲೆ ಇದ್ದೇ ಇರುತ್ತದೆ. ಅದಕ್ಕೇ, ಫಾಯಿಲ್ ಮೇಲೆ ನಿಲ್ಲಲು ಇನ್ನೂ ಕಲಿಯುತ್ತಿರುವವರಿಗೆ, ದಿನಕ್ಕೆ ಹತ್ತಾರು ಸಲ ಬೀಳುವವರಿಗೆ, ನಾನೂ ಟ್ಯೂಬ್ ಕೈಟನ್ನೇ ಹೇಳುತ್ತೇನೆ. ಬೀಳುವುದು ನಿಂತ ಮೇಲೆ ಈ ಕಡೆ ಬನ್ನಿ.

ಶ್ರೀರಂಗಪಟ್ಟಣದಿಂದ

ಕೆಆರ್‌ಎಸ್ ಬಗ್ಗೆ ಮಾತ್ರ. ಬೇಡ. ಅದು ಬಿಗಿ ಭದ್ರತೆಯ ಅಣೆಕಟ್ಟು, ಅನುಮತಿ ಇಲ್ಲದೆ ನೀರಿಗಿಳಿಯುವ ಮಾತೇ ಇಲ್ಲ. ಕಾವೇರಿಯ ಈ ಭಾಗದಲ್ಲಿ ಮೊಸಳೆಗಳಿವೆ, ರಂಗನತಿಟ್ಟಿಗೆ ಹೋದವರೆಲ್ಲ ಬಂಡೆ ಮೇಲೆ ಮಲಗಿದ್ದನ್ನು ನೋಡಿದ್ದೀರಿ. ಮೀನಿನ ಬಲೆಗಳೂ ಇರುತ್ತವೆ. ಬಲೆ ಮಾಸ್ಟಿಗೆ ಸಿಕ್ಕಿದರೆ ನಿಮಗೂ ಕಷ್ಟ, ಬಲೆ ಹಾಕಿದವನಿಗೂ ನಷ್ಟ.

ನೀರಿನ ಮಟ್ಟವೂ ಯೋಚಿಸಿ. ತುಂಬಿದಾಗ 124.80 ಅಡಿ. ನಿಮಗೆ ರಜೆ ಸಿಗುವ ತಿಂಗಳುಗಳಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಡೆ ನಿಂತು ನೋಡಿದರೆ ಕೆಸರಿನ ಬಯಲು ಕಾಣುತ್ತದೆ. 80 ಸೆಂಟಿಮೀಟರ್ ಮಾಸ್ಟ್ ಹಿಡಿದು ಅಲ್ಲಿ ಏನು ಮಾಡುತ್ತೀರಿ? ಆಷಾಢದಲ್ಲಿ ಗಾಳಿ ಬರುತ್ತದೆ ನಿಜ, ಆದರೆ ಮರ, ದಿಬ್ಬ ದಾಟಿ ಬರುವ ಗಾಳಿ. ಒಂದು ಕ್ಷಣ ಹೊಡೆಯುತ್ತದೆ, ಮರುಕ್ಷಣ ಇಲ್ಲ. ಕಡಲ ಗಾಳಿಯ ಹಾಗೆ ಒಂದೇ ಸಮ ಇರುವುದಿಲ್ಲ.

ಊರಲ್ಲೇ ಇದ್ದು ಮಾಡಬಹುದಾದದ್ದು ಒಂದಿದೆ. ಭತ್ತ ಕೊಯ್ದ ಗದ್ದೆ ಬಯಲಲ್ಲಿ 2–3 ಮೀಟರಿನ ಟ್ರೇನರ್ ಕೈಟ್ ಹಾರಿಸಿ. ಗದ್ದೆಯವರನ್ನು ಕೇಳಿ. ಕರೆಂಟ್ ತಂತಿ ಹತ್ತಿರ ಎಲ್ಲೂ ಇರಬಾರದು. ಕೈಟನ್ನು ನೋಡದೆ ನಡೆಸುವುದು ಬಂದರೆ ಕಡಲಿಗೆ ಹೋದಾಗ ಗಮನವೆಲ್ಲ ಕಾಲಿಗೆ ಕೊಡಬಹುದು. ಫಾಯಿಲಿಗೆ ಬೇಕಿರುವುದು ಅದೇ.

ಮೈಸೂರು, ವಿಜಯನಗರದಿಂದ

ನಾನು 54 ಕೆಜಿ, ನೀವು ಹೇಳುವ ಅಳತೆಗಳೆಲ್ಲ ನನಗೆ ದೊಡ್ಡವು. ಇದನ್ನು ಓದುವ ಹೆಂಗಸರಿಗೆ ಹೇಳುತ್ತೇನೆ: 8–10 ನಾಟಿಗೆ ನನಗೆ ಒಂದೇ ಸ್ಟ್ರಟ್‌ನ 8 ಮೀಟರ್ ಸಾಕು. ಗೆಳತಿಯೊಬ್ಬಳ ಫ್ಲೈಸರ್ಫರ್ ಪೀಕ್ ಹಾರಿಸಿ ನೋಡಿದ್ದೇನೆ. ಅದು ಒಂದೇ ಪದರದ ಬಟ್ಟೆ, ಟ್ಯೂಬೂ ಇಲ್ಲ ಕೋಣೆಯೂ ಇಲ್ಲ. ಅಷ್ಟು ಹಗುರದ್ದನ್ನು ನಾನು ಬೇರೆ ಕಂಡಿಲ್ಲ. ತೆಂಗಿನ ಗರಿ ಅಲ್ಲಾಡದ ಗಾಳಿಯಲ್ಲೂ ಮೇಲೇಳುತ್ತದೆ. ಆದರೆ ಒಳಗೆ ಗಾಳಿ ಹಿಡಿಯುವ ಜಾಗವೇ ಇಲ್ಲವಲ್ಲ, ನೀರಿಗೆ ಬಿದ್ದರೆ ಅದನ್ನು ತೇಲಿಸಲು ಏನೂ ಇಲ್ಲ. ಮರಳಿನ ಮೇಲೆ ಚೆಂದ. ದಡದಿಂದ ದೂರಕ್ಕೆ ನಾನಂತೂ ಒಯ್ಯುವುದಿಲ್ಲ.

ಯಾರೂ ಹೇಳದ ವಿಷಯ ಒಂದಿದೆ. ಕರಾವಳಿಯಲ್ಲಿ ಮಧ್ಯಾಹ್ನದ ಗಾಳಿ ಕಡಲಿನಿಂದ ನೆಲಕ್ಕೆ. ಬೆಳಗಿನದು ನೆಲದಿಂದ ಕಡಲಿಗೆ, ಅದರಲ್ಲಿ ಇಳಿಯಲೇಬಾರದು. ಸಂಜೆ ಸೂರ್ಯ ಇಳಿಯುತ್ತಿದ್ದ ಹಾಗೆ ಮಧ್ಯಾಹ್ನದ ಗಾಳಿ ಹೇಳದೆ ಕೇಳದೆ ನಿಂತುಬಿಡುತ್ತದೆ. ಫಾಯಿಲ್ ಮೇಲೆ ಹೋಗುವಾಗ ಸದ್ದೇ ಇಲ್ಲ, ಎಷ್ಟು ದೂರ ಬಂದೆವು ಅಂತ ಗೊತ್ತೂ ಆಗುವುದಿಲ್ಲ. ಈಜಿ ವಾಪಸ್ ಬರಲು ಆಗುವಷ್ಟು ದೂರ ಮಾತ್ರ ಹೋಗಿ. ಟ್ಯೂಬ್ ಕೈಟ್ ಆದರೆ ಲೈನನ್ನು ಕೈಯಲ್ಲಿ ಹಿಡಿಯುವ ಬಾರ್‌ಗೆ ಸುತ್ತಿಕೊಂಡು, ಕೈಟ್ ಹಿಡಿದು ತೇಲುತ್ತಾ ದಡ ಸೇರಬಹುದು. ನನ್ನ ಮಟ್ಟಿಗೆ ಟ್ಯೂಬ್ ಕೈಟಿನ ದೊಡ್ಡ ಗುಣ ಅದೇ. ಹೆಲ್ಮೆಟ್, ಇಂಪ್ಯಾಕ್ಟ್ ವೆಸ್ಟ್, ಲೈನ್ ಕತ್ತರಿಸುವ ಚಾಕು ಮರೆಯಬೇಡಿ. ಫಾಯಿಲ್ ರೆಕ್ಕೆ ಅಲಗಿನಷ್ಟು ಚೂಪು. ಬೀಳುವಾಗ ಬೋರ್ಡಿನಿಂದ ದೂರಕ್ಕೆ ಬೀಳಿ. ಜೂನ್ ಬಂದರೆ ಆ ಕಡಲನ್ನು ಮರೆತುಬಿಡಿ.

ಮತ್ತೆ ಮಂಡ್ಯದಿಂದ

ಎಲ್ಲರಿಗೂ ಥ್ಯಾಂಕ್ಸ್. 17ರ ಆಸೆ ಬಿಟ್ಟೆ. ಇನ್ನೆರಡು ಕೇಳಲಾ? ಲೈನ್ ಉದ್ದ ಮಾಡಿದರೆ ಇರುವ 12ರಲ್ಲೇ ಇನ್ನೂ ಕಡಿಮೆ ಗಾಳಿಗೆ ಓಡಿಸಬಹುದು ಅಂತಾರೆ, ಹೌದಾ? ಮತ್ತೆ, ಮುಂದೆ ಹಳೆಯ ಒಂದು ಸ್ಟ್ರಟ್ ಕೈಟ್ ಸಿಕ್ಕರೆ ಏನೇನು ನೋಡಬೇಕು?

ಮೈಸೂರು, ಸರಸ್ವತಿಪುರಂನಿಂದ

ಲೈನ್ ಉದ್ದ ಮಾಡಿದರೆ ಕೈಟ್ ಬೀಸಲು ಜಾಗ ಹೆಚ್ಚು, ಎಳೆತವೂ ಸ್ವಲ್ಪ ಹೆಚ್ಚು. ನಿಮ್ಮದು 22 ಮೀಟರ್ ಇದ್ದರೆ 3–4 ಮೀಟರ್ ಎಕ್ಸ್‌ಟೆನ್ಶನ್ ಹಾಕಿ ನೋಡಬಹುದು. ಆದರೆ ಲೈನಿಗೂ ತೂಕ ಇದೆ, ಗಾಳಿ ಬಿದ್ದಾಗ ಅದೇ ಜೋತುಬಿದ್ದು ಕೈಟನ್ನು ಕೆಳಗೆಳೆಯುತ್ತದೆ. 8 ನಾಟಿನ ಕೆಳಗೆ ನನಗೆ ಅದರಿಂದ ಲಾಭ ಕಂಡಿಲ್ಲ. ನಾಲ್ಕೂ ಲೈನ್ ಒಂದೇ ಉದ್ದ ಇರಲಿ, ಅರ್ಧ ಗೇಣು ವ್ಯತ್ಯಾಸ ಬಂದರೂ ಕೈಟ್ ಒಂದು ಕಡೆ ವಾಲುತ್ತದೆ.

ಹಳೆಯ ಕೈಟ್ ಆದರೆ ಮೊದಲು ಗಟ್ಟಿಯಾಗಿ ಪಂಪ್ ಮಾಡಿ, ರಾತ್ರಿ ಬಿಟ್ಟು, ಬೆಳಿಗ್ಗೆ ಒತ್ತಿ ನೋಡಿ. ಮೆತ್ತಗಾಗಿದ್ದರೆ ಬ್ಲಾಡರ್ (ಟ್ಯೂಬಿನ ಒಳಚೀಲ) ಅಥವಾ ಕವಾಟದ ಹತ್ತಿರ ಸೋರುತ್ತಿದೆ ಅಂತ ಅರ್ಥ. ನಮ್ಮ ಬಿಸಿಲಿಗೆ ಕವಾಟದ ಅಂಟು ಬಿಡುವುದೇ ಜಾಸ್ತಿ. ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿ. ಹೊಸ ನೋಟಿನ ಹಾಗೆ ಸರಸರ ಸದ್ದು ಬರಬೇಕು. ಲುಂಗಿಯ ಹಾಗೆ ಮೆತ್ತಗಿದ್ದರೆ ಬಿಸಿಲಿಗೆ ಬೆಂದಿದೆ, ಎಷ್ಟೇ ಅಗ್ಗವಾದರೂ ಬಿಡಿ. ಮೂಲೆಗಳನ್ನು ಬೆಳಕಿಗೆ ಹಿಡಿದು ಸಣ್ಣ ತೂತು ಹುಡುಕಿ. ಕೊಂಡ ಮೇಲೆ ಕಾರಿನ ಡಿಕ್ಕಿಯಲ್ಲಿ ಇಡಬೇಡಿ.

ಏಪ್ರಿಲ್ ದಾಟಿದರೆ ತಮಿಳುನಾಡಿನ ಕಡೆ ನೈಋತ್ಯ ಗಾಳಿ ಶುರು. ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ಮಂಡ್ಯದಲ್ಲೇ ನಿಲ್ಲುತ್ತದೆ, ಮಧುರೈನಲ್ಲಿ ಇಳಿದು ರಾಮೇಶ್ವರಕ್ಕೆ ಹೋಗಬಹುದು. ಗಾಳಿ ಬಂದಾಗ ತೂರಿಕೊಳ್ಳಿ. ಅಲ್ಲಿನ ಗಾಳಿಗೆ ನಿಮ್ಮ 12 ದೊಡ್ಡದಾಗುವ ದಿನಗಳೇ ಹೆಚ್ಚು, 9 ಅಥವಾ 7 ಬಾಡಿಗೆಗೆ ಕೇಳಿ. ಮಾಸ್ಟ್ ಮತ್ತು ರೆಕ್ಕೆಗಳನ್ನು ಬಿಚ್ಚಿ, ಹಳೆ ಬೆಡ್‌ಶೀಟ್ ಸುತ್ತಿ ಸೀಟಿನ ಕೆಳಗೆ ಇಡಿ. ಬೋಲ್ಟುಗಳಿಗೆ ಗ್ರೀಸ್ ಹಚ್ಚಿರಬೇಕು. ಉಪ್ಪುನೀರಿಗೆ ಕಚ್ಚಿಕೊಂಡರೆ ಆಮೇಲೆ ಬಿಚ್ಚಲು ಬರುವುದಿಲ್ಲ.