ಘಾಟಿ ಹತ್ತುವಾಗ ಮಾತ್ರ ಪಿಕಪ್ ಬಿಸಿ: ಥರ್ಮೋಸ್ಟಾಟ್ ಕಿತ್ತುಬಿಡಲಾ?

ಪ್ರಶ್ನೆ:
2009ರ ಡೀಸೆಲ್ ಪಿಕಪ್. ಹಂಚು ಹೇರಿಕೊಂಡು ಶಿರಾಡಿ ಹತ್ತಿದರೆ ಅರ್ಧ ದಾರಿಯಲ್ಲೇ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಬರುತ್ತೆ, ಟ್ರಾಫಿಕ್‌ನಲ್ಲಿ ನಿಂತರೂ ಅಷ್ಟೇ. ಬಯಲಲ್ಲಿ 60-70ರಲ್ಲಿ ಹೋದರೆ ಏನೂ ಇಲ್ಲ. ರೇಡಿಯೇಟರ್‌ನಲ್ಲಿ ವಾರಕ್ಕೆ ಅರ್ಧ ಲೀಟರ್ ನೀರು ಕಮ್ಮಿ ಆಗುತ್ತೆ, ಕೆಳಗೆ ಸೋರಿದ ಗುರುತಿಲ್ಲ. ಮೆಕ್ಯಾನಿಕ್ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡೋ ವಾಲ್ವ್) ತೆಗೆದುಹಾಕೋಣ ಅಂತಾರೆ.

ಉತ್ತರ 1:
ದಯವಿಟ್ಟು ತೆಗೆಸಬೇಡಿ ಸಾರ್. ಅದು ಮುಚ್ಚಿಕೊಂಡು ಕೂತಿದ್ದರೆ ಬಯಲಲ್ಲೂ ಬಿಸಿ ಆಗ್ಬೇಕಿತ್ತು. ಎಷ್ಟೋ ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚೋದೂ ಅದೇ. ಅಂಥದ್ದರಲ್ಲಿ ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತೆ.

ನಿಮ್ಮದು ಗಾಳಿಯ ಸಮಸ್ಯೆ. ಓಡುವಾಗ ಎದುರುಗಾಳಿ ಸಾಕು, ನಿಧಾನಕ್ಕೆ ಹೋಗುವಾಗ ಎಲ್ಲ ಫ್ಯಾನ್ ಮೇಲೆ. ವಿಸ್ಕಸ್ ಫ್ಯಾನ್ (ಆಯಿಲ್ ತುಂಬಿದ ಕ್ಲಚ್ ಮೂಲಕ ತಿರುಗೋ ಫ್ಯಾನ್) ಆಗಿದ್ದರೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ತೆಗೆದು, ಫ್ಯಾನ್ ಕೈಯಲ್ಲಿ ತಳ್ಳಿ ನೋಡಿ. ಬಿಗಿಯಾಗಿ ನಿಲ್ಲಬೇಕು. ಸಲೀಸಾಗಿ ಮೂರ್ನಾಲ್ಕು ಸುತ್ತು ಹೊಡೆದರೆ ಒಳಗಿನ ಸಿಲಿಕೋನ್ ಆಯಿಲ್ ಹೋಗಿದೆ. ಆಗ ಫ್ಯಾನ್ ಕ್ಲಚ್ಚಿನ ಮುಂಭಾಗದಲ್ಲಿ ಜಿಡ್ಡು ಧೂಳು ಕಾಣುತ್ತೆ. ಎಸಿ ಇದ್ದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಬಿಡಿ. ಹೊಟ್ಟು, ಹುಳ ತುಂಬಿದ್ದರೆ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಹಾಯಿಸಿ. ಪ್ರೆಶರ್ ವಾಶ್ ಬೇಡ, ಫಿನ್ (ರೇಡಿಯೇಟರ್‌ನ ತೆಳು ತಗಡು) ಮಡಚಿಹೋಗುತ್ತೆ.

ಉತ್ತರ 2:
ನೀರು ಯಾಕೆ ಕಮ್ಮಿ ಆಗುತ್ತೆ ಅನ್ನೋದಕ್ಕೆ ಮೊದಲು ರೇಡಿಯೇಟರ್ ಮುಚ್ಚಳ ನೋಡಿ. 0.9 ಬಾರ್ ಒತ್ತಡ ಹಿಡಿದರೆ ನೀರು ಕುದಿಯೋದು ಸುಮಾರು 118 ಡಿಗ್ರಿಗೆ, ಹಿಡಿಯದಿದ್ದರೆ 100ಕ್ಕೇ. ವಾಟರ್ ಪಂಪಿನ ಸಣ್ಣ ತೂತಿನ ಕೆಳಗೂ ಕೈಯಾಡಿಸಿ. ಅಲ್ಲಿ ಜಿನುಗಿದ್ದು ಬಿಸಿಗೆ ಆರಿಹೋಗಿ ಪುಡಿಯಂಥ ಕಲೆ ಮಾತ್ರ ಉಳಿದಿರುತ್ತೆ. ಕೊನೆಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್): ತಣ್ಣಗಿದ್ದಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ನಿಲ್ಲದೆ ಬರ್ತಾನೇ ಇದ್ದರೆ ಅನುಮಾನ ಅಲ್ಲೇ.

ಪ್ರಶ್ನೆ ಕೇಳಿದವರು:
ಫ್ಯಾನ್ ಐದು ಸುತ್ತು ಹೊಡೀತು. ಮುಚ್ಚಳದ ರಬ್ಬರ್ ಸೀಳಿದೆ. ಗುಳ್ಳೆ ಇಲ್ಲ. ಇಷ್ಟು ದಿನ ಹಾಕಿದ್ದು ಬೋರ್ ನೀರು.

ಉತ್ತರ 1:
ಫ್ಯಾನ್ ಕ್ಲಚ್, ಮುಚ್ಚಳ ಎರಡೂ ಬದಲಿಸಿ. ಮುಚ್ಚಳದ ಮೇಲೆ ಬರೆದಿರೋ ಒತ್ತಡವೇ ಹೊಸದರಲ್ಲೂ ಇರಲಿ. ಬೋರ್ ನೀರಿನ ಸುಣ್ಣ ಕಟ್ಟಿರಬಹುದು: ಬಿಸಿ ಎಂಜಿನ್ ಆಫ್ ಮಾಡಿ ರೇಡಿಯೇಟರ್ ಮೇಲೆ ಕೈ ಸವರಿದಾಗ ಎಲ್ಲಾದ್ರೂ ತಣ್ಣಗೆ ಸಿಕ್ಕರೆ ಅಲ್ಲಿ ಟ್ಯೂಬ್ ಕಟ್ಟಿದೆ, ಬಿಚ್ಚಿ ಕ್ಲೀನ್ ಮಾಡಿಸಿ. ಆಮೇಲೆ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ತುಂಬುವಾಗ ಮೂತಿ ಏರಿನ ಕಡೆ ನಿಲ್ಲಿಸಿ, ಹೀಟರ್ ಫುಲ್ ಇಟ್ಟು ಗಾಳಿ ಹೋಗೋವರೆಗೆ ನಿಧಾನ ತುಂಬಿ.

ಅಲ್ಲಿವರೆಗೆ ಲೋಡ್ ಹಾಕಿ ಘಾಟಿ ಹತ್ತಬೇಡಿ. ಬಿಸಿ ಏರಿದರೆ ಮುಚ್ಚಳ ಮುಟ್ಟಬೇಡಿ, ತಣ್ಣೀರು ಸುರಿಯಲೇಬೇಡಿ, ಹೆಡ್ ಸೊಟ್ಟಗಾಗುತ್ತೆ.