ಒಂದೇ ಕೊಠಡಿಯಲ್ಲಿ ನುಡಿಸಿದ ಹಿಪ್ ಹಾಪ್: ರ‍್ಯಾಪ್ ಮೈಕಿನೊಳಗೆ ನುಗ್ಗಿದ ಡ್ರಮ್ಸ್‌ಗೆ ಏನು ಮಾಡುವುದು?

ಪ್ರಶ್ನೆ

ನಮ್ಮದು ಮೈಸೂರಿನ ಪುಟ್ಟ ತಂಡ. ಡ್ರಮ್ಸ್, ಬೇಸ್ ಗಿಟಾರ್ ಮತ್ತು ಕೀಬೋರ್ಡ್ ವಾದಕರ ಜೊತೆಗೆ ಕನ್ನಡದಲ್ಲಿ ರ‍್ಯಾಪ್ ಮಾಡುವ ಗೆಳೆಯರೊಬ್ಬರಿದ್ದಾರೆ. ಬೀಟ್ ಅನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಂಡು ಅದರ ಮೇಲೆ ಹಾಡುವ ಬದಲು, ಎಲ್ಲರೂ ಒಂದೇ ಕೊಠಡಿಯಲ್ಲಿ ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡಿಕೊಂಡಿದ್ದೇವೆ. ಹಾಡಿನ ವೇಗ ನಿಮಿಷಕ್ಕೆ 90 ಬೀಟ್. ರ‍್ಯಾಪ್ ಮಾಡುವವರು ಡೈನಮಿಕ್ ಮೈಕ್ ಹಿಡಿದು ಡ್ರಮ್ಸ್‌ನಿಂದ ಸುಮಾರು ಎರಡು ಮೀಟರ್ ದೂರದಲ್ಲಿ ನಿಂತಿದ್ದರು.

ನುಡಿಸಾಣಿಕೆ ನಮಗೆಲ್ಲ ಒಪ್ಪಿಗೆಯಾಗಿದೆ, ತೊಡಕಿರುವುದು ಮಿಕ್ಸಿಂಗ್‌ನಲ್ಲಿ. ಧ್ವನಿಯನ್ನು ಕಂಪ್ರೆಸ್ ಮಾಡಿದ (ಜೋರು-ಮೆದುಗಳ ಅಂತರ ತಗ್ಗಿಸಿದ) ಕೂಡಲೇ ಅದೇ ಮೈಕಿನೊಳಗಿನ ಸಿಂಬಲ್‌ಗಳ (ಡ್ರಮ್ಸ್‌ನ ಲೋಹದ ತಟ್ಟೆಗಳ) ಸದ್ದು ಮುಂದೆ ಬರುತ್ತದೆ. ಮೆದು ಸದ್ದನ್ನು ತಾನಾಗಿ ಮುಚ್ಚುವ ಗೇಟ್ ಹಾಕಿದರೆ ಪ್ರತಿ ಸಾಲಿನ ಆರಂಭ ಮತ್ತು ಅಂತ್ಯದಲ್ಲಿ ಸ್ನೇರ್‌ನ (ಚುರುಕು ಸದ್ದಿನ ಡ್ರಮ್‌ನ) ಬಣ್ಣವೇ ಬದಲಾಗುತ್ತದೆ. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಬೇಸ್ ಕೂಡ ಒಂದರೊಳಗೊಂದು ಕಲಸಿಹೋಗಿವೆ. ಧ್ವನಿಯನ್ನು ಪ್ರತ್ಯೇಕವಾಗಿ ಮತ್ತೆ ರೆಕಾರ್ಡ್ ಮಾಡಬೇಕೇ, ಅಥವಾ ಡ್ರಮ್ಸ್ ಅನ್ನೇ ಸ್ಯಾಂಪಲ್‌ಗಳಿಂದ (ಮೊದಲೇ ರೆಕಾರ್ಡ್ ಮಾಡಿಟ್ಟ ಬಿಡಿ ಸದ್ದುಗಳಿಂದ) ಬದಲಾಯಿಸಬೇಕೇ ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ಕೋರುತ್ತೇನೆ.

ಮೊದಲ ಉತ್ತರ

ಎರಡೂ ಬೇಡವೆಂಬುದು ನನ್ನ ಅಭಿಪ್ರಾಯ. ನಿಮ್ಮ ರ‍್ಯಾಪ್ ಮೈಕ್ ಧ್ವನಿಯ ಮೈಕ್ ಮಾತ್ರವಲ್ಲ, ಅದು ಡ್ರಮ್ಸ್‌ನ ಇನ್ನೊಂದು ಮೈಕ್ ಕೂಡ ಹೌದು ಎಂದು ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಹೆಚ್ಚಿನವರು ಕಿಕ್ ಮತ್ತು ಸ್ನೇರ್‌ಗಳನ್ನು ಚೆಂದಗೊಳಿಸಿ, ಕೊನೆಯಲ್ಲಿ ಧ್ವನಿಯನ್ನು ತೆರೆದು, ಆವರೆಗೆ ಕಟ್ಟಿದ್ದೆಲ್ಲ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ನೀವು ರ‍್ಯಾಪ್ ಟ್ರ್ಯಾಕ್‌ನಿಂದಲೇ ಆರಂಭಿಸಿ. ಅದರಲ್ಲಿ ಈಗಾಗಲೇ ಇರುವ ಡ್ರಮ್ಸ್ ಅನ್ನು ಕೇಳಿ, ಯಾವುದು ಕಡಿಮೆಯಿದೆಯೋ ಅಷ್ಟನ್ನು ಮಾತ್ರ ಉಳಿದ ಮೈಕ್‌ಗಳಿಂದ ಸೇರಿಸುತ್ತ ಹೋಗಿ. ಆಗ ಓವರ್‌ಹೆಡ್‌ಗಳನ್ನು (ಡ್ರಮ್ಸ್‌ನ ಮೇಲೆ ತೂಗುಹಾಕಿದ ಮೈಕ್‌ಗಳನ್ನು) ನೀವು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಇಡಬೇಕಾಗುವುದನ್ನು ಕಾಣುವಿರಿ.

ಗೇಟ್ ತೆಗೆದುಹಾಕಿ. ಸಾಲುಗಳ ನಡುವಿನ ಭಾಗವನ್ನು ಪೂರ್ಣ ಮೌನಗೊಳಿಸದೆ, ಕೈಯಿಂದಲೇ ಸುಮಾರು 6 ಡೆಸಿಬಲ್ ಇಳಿಸಿದರೆ ಸಿಂಬಲ್ ಹಿಂದೆ ಸರಿಯುತ್ತದೆ, ಆದರೆ ಕೊಠಡಿಯ ಸದ್ದು ಹಠಾತ್ತನೆ ಮಾಯವಾಗುವುದಿಲ್ಲ. ಪದಗಳ ಏರಿಳಿತವನ್ನೂ ಕಂಪ್ರೆಸರ್‌ಗೆ ಕಳಿಸುವ ಮೊದಲೇ ಹೀಗೆ ಕೈಯಿಂದ ಸಮಮಾಡಿಕೊಳ್ಳಬೇಕು. ಅನಂತರ ಒಂದೇ ಕಂಪ್ರೆಸರ್‌ನಿಂದ 8 ಡೆಸಿಬಲ್ ಒತ್ತುವ ಬದಲು ಎರಡು ಕಂಪ್ರೆಸರ್‌ಗಳಿಂದ ತಲಾ ಎರಡು-ಮೂರು ಡೆಸಿಬಲ್‌ನಂತೆ ಒತ್ತಿದರೆ ಸಾಕಾಗುತ್ತದೆ. ಇದು ಬೇಸರದ ಕೆಲಸ, ಆದರೆ ಇದಕ್ಕೆ ಬದಲಿಯಾದ ಪ್ಲಗಿನ್ (ಮಿಕ್ಸಿಂಗ್ ತಂತ್ರಾಂಶದ ಉಪಕರಣ) ನನಗೆ ಸಿಕ್ಕಿಲ್ಲ. ಧ್ವನಿಗೆ ಹೊಳಪು ಬೇಕೆಂದು 8 ಕಿಲೋಹರ್ಟ್ಸ್‌ನ ಮೇಲೆ ಏರಿಸಿದರೆ ಏರುವುದು ಸಿಂಬಲ್‌ಗಳೇ. ಅದರ ಬದಲು 2ರಿಂದ 4 ಕಿಲೋಹರ್ಟ್ಸ್ ನಡುವೆ ಕೀಬೋರ್ಡನ್ನು ಸ್ವಲ್ಪ ತಗ್ಗಿಸಿ ಪದಗಳಿಗೆ ಜಾಗ ಮಾಡಿಕೊಡಿ.

ಇನ್ನೊಂದು ವಿಷಯವಿದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ, ಎರಡು ಮೀಟರ್ ದೂರದ ಸ್ನೇರ್ ನಿಮ್ಮ ಧ್ವನಿ ಮೈಕ್‌ಗೆ 6 ಮಿಲಿಸೆಕೆಂಡ್ ತಡವಾಗಿ ತಲುಪಿರುತ್ತದೆ. ಧ್ವನಿಯ ಟ್ರ್ಯಾಕನ್ನು ಅಷ್ಟು ಮುಂಚಿತವಾಗಿ ಬರುವಂತೆ ಎಳೆದರೆ ಎರಡೂ ಸ್ನೇರ್‌ಗಳು ಒಂದಾಗುತ್ತವೆ. 90ರ ವೇಗದಲ್ಲಿ ಒಂದು ಬೀಟ್‌ನ ನಾಲ್ಕನೇ ಒಂದು ಭಾಗವೇ 167 ಮಿಲಿಸೆಕೆಂಡ್ ಆಗುವುದರಿಂದ ರ‍್ಯಾಪ್‌ನ ಲಯಕ್ಕೆ ಧಕ್ಕೆಯಾಗದು.

ಎರಡನೇ ಉತ್ತರ

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಟ್ರ್ಯಾಕ್ ಎಳೆಯುವ ಸಲಹೆಯಲ್ಲಿ ಒಂದು ತೊಡಕಿದೆ. ಡ್ರಮ್ಸ್ ಹೇಗೆ ಧ್ವನಿ ಮೈಕ್‌ಗೆ ತಡವಾಗಿ ಬರುತ್ತದೆಯೋ ಹಾಗೆಯೇ ಧ್ವನಿಯೂ ಓವರ್‌ಹೆಡ್‌ಗಳಿಗೆ ತಡವಾಗಿಯೇ ತಲುಪಿರುತ್ತದೆ. ಧ್ವನಿಯನ್ನು 6 ಮಿಲಿಸೆಕೆಂಡ್ ಮುಂಚಿತಗೊಳಿಸಿದರೆ ಆ ಅಂತರ ಸುಮಾರು 12ಕ್ಕೆ ಏರುತ್ತದೆ. ಆದ್ದರಿಂದ ಮೊದಲು ಓವರ್‌ಹೆಡ್‌ಗಳನ್ನು ಮಾತ್ರ ತೆರೆದು ಕೇಳಿ. ಪದಗಳು ಅರ್ಥವಾಗುವಷ್ಟು ಕೇಳಿಸಿದರೆ ಟ್ರ್ಯಾಕನ್ನು ಮುಟ್ಟಬೇಡಿ. ಅಂಥ ಸ್ಥಿತಿಯಲ್ಲಿ ಧ್ವನಿಯನ್ನು ಮತ್ತೆ ರೆಕಾರ್ಡ್ ಮಾಡಿಯೂ ಪ್ರಯೋಜನವಿಲ್ಲ, ಏಕೆಂದರೆ ಹಳೆಯ ಧ್ವನಿ ಡ್ರಮ್ಸ್‌ನೊಳಗೆ ಭೂತದಂತೆ ಉಳಿದಿರುತ್ತದೆ.

ಸ್ಯಾಂಪಲ್ ಹಾಕಬೇಕೆಂಬ ಆಲೋಚನೆಯ ಹಿಂದೆ, ಹಿಪ್ ಹಾಪ್ ಎಂದರೆ ಯಂತ್ರದ ಬೀಟ್ ಎಂಬ ಭಾವನೆ ಇರುವಂತಿದೆ. 1979ರಲ್ಲಿ ಬಂದ, ಅಮೆರಿಕದ ಷುಗರ್‌ಹಿಲ್ ಗ್ಯಾಂಗ್ ತಂಡದ ಮೊದಲ ರ‍್ಯಾಪ್ ರೆಕಾರ್ಡಿಗೂ ಡ್ರಮ್ಸ್ ಮತ್ತು ಬೇಸ್ ನುಡಿಸಿದವರು ವಾದಕರೇ. ಫಿಲಡೆಲ್ಫಿಯಾದ ದಿ ರೂಟ್ಸ್ ತಂಡ, ಡ್ರಮ್ಸ್ ವಾದಕ ಕ್ವೆಸ್ಟ್‌ಲವ್ ಅವರೊಂದಿಗೆ, ತನ್ನ ಹೆಸರನ್ನೇ ಜೀವಂತ ವಾದ್ಯಗಳ ಮೇಲೆ ಕಟ್ಟಿಕೊಂಡಿತು. ಸ್ನೇರ್ ಮೇಲಿನ ಮೆದುವಾದ ಪೆಟ್ಟುಗಳೇ ಇಂಥ ಸಂಗೀತದ ಜೀವ, ಸ್ಯಾಂಪಲ್ ಬದಲಾವಣೆಯಲ್ಲಿ ಮೊದಲು ಕಳೆದುಹೋಗುವುದೂ ಅವೇ. ಕಿಕ್ ತೀರ ಸಪ್ಪೆಯಾಗಿದ್ದರೆ ಅದರ ಅಡಿಯಲ್ಲಿ ಗಿಡ್ಡ ಸ್ಯಾಂಪಲ್ ಒಂದನ್ನು ಸೇರಿಸಿದರೆ ತಪ್ಪೇನಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಓವರ್‌ಹೆಡ್‌ಗಳಲ್ಲಿ ಧ್ವನಿ ಗೊಣಗಾಟದಂತೆ ಮಾತ್ರ ಕೇಳಿಸುತ್ತದೆ, ಪದಗಳು ತಿಳಿಯುವುದಿಲ್ಲ. ಹಾಗಾಗಿ ಎಳೆದು ನೋಡುತ್ತೇನೆ. ಬೇಸ್ ಅನ್ನು ಡಿ.ಐ. (ಮೈಕ್ ಇಲ್ಲದೆ ಗಿಟಾರಿನಿಂದಲೇ ರೆಕಾರ್ಡ್ ಮಾಡಿಸುವ ಪೆಟ್ಟಿಗೆ) ಮೂಲಕ ನೇರವಾಗಿಯೂ, ಆಂಪ್‌ನ (ಗಿಟಾರಿನ ಸ್ಪೀಕರ್‌ನ) ಮುಂದೆ ಒಂದು ಮೀಟರ್ ದೂರದ ಮೈಕ್‌ನಿಂದಲೂ ತೆಗೆದುಕೊಂಡಿದ್ದೇವೆ. ಎರಡನ್ನೂ ಸೇರಿಸಿದಾಗ ಅದು ತೆಳ್ಳಗಾಗುವುದೇಕೆ?

ಮೂರನೇ ಉತ್ತರ

ಆ ಒಂದು ಮೀಟರ್‌ನಿಂದಾಗಿಯೇ. ಮೈಕ್‌ನ ಸದ್ದು ಸುಮಾರು 3 ಮಿಲಿಸೆಕೆಂಡ್ ತಡವಾಗಿರುವುದರಿಂದ 170 ಹರ್ಟ್ಸ್‌ನ ಆಸುಪಾಸಿನಲ್ಲಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ, ಬೇಸ್‌ನ ಮೈಕಟ್ಟು ಇರುವುದು ಅಲ್ಲಿಯೇ. ಮೈಕ್ ಟ್ರ್ಯಾಕನ್ನು ಅಷ್ಟು ಮುಂಚಿತಗೊಳಿಸಿ ಕೇಳಿ. ಆಮೇಲೂ ತೆಳ್ಳಗಿದ್ದರೆ ಪೊಲಾರಿಟಿ ತಿರುಗಿಸಿ (ಅಲೆಯ ಏರಿಳಿತವನ್ನು ತಲೆಕೆಳಗು ಮಾಡಿ) ನೋಡಿ. ಇದಾಗುವ ಮೊದಲು ಈಕ್ವಲೈಸರ್ (ಬೇರೆಬೇರೆ ಆವರ್ತನಗಳನ್ನು ಏರಿಸಿ ಇಳಿಸುವ ಉಪಕರಣ) ಮುಟ್ಟುವುದು ವ್ಯರ್ಥ.

ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿಯ ಸ್ವರ 41 ಹರ್ಟ್ಸ್. ನಿಮ್ಮ ಹಾಡಿನಲ್ಲಿ ಆ ತಂತಿಯ ಬಳಕೆ ಹೆಚ್ಚಿದ್ದರೆ ತಳವನ್ನು ಬೇಸ್‌ಗೆ ಬಿಟ್ಟು, ಕಿಕ್‌ನ ತೂಕವನ್ನು 60ರಿಂದ 80ರ ನಡುವೆ ಹುಡುಕಿ. ಬೇಸ್ ಮೇಲಿನ ಸ್ವರಗಳಲ್ಲೇ ಓಡಾಡುತ್ತಿದ್ದರೆ ಇದನ್ನು ತಿರುವುಮುರುವು ಮಾಡಬಹುದು. ಎರಡಕ್ಕೂ ತಳವನ್ನು ಹಂಚಿಕೊಟ್ಟ ಮಿಕ್ಸ್ ಕಾರಿನ ಸ್ಪೀಕರ್‌ನಲ್ಲಿ ಬರೀ ಗುಂಯ್‌ಗುಡುತ್ತದೆ.

ಕನ್ನಡದ ರ‍್ಯಾಪ್ ಎಂಬ ಕಾರಣಕ್ಕೆ ಇನ್ನೊಂದು ಮಾತು. ನಮ್ಮ ಪದಗಳು ಬಹುಪಾಲು ಸ್ವರಾಕ್ಷರದಲ್ಲಿ ಮುಗಿಯುತ್ತವೆ, ಉಸಿರು ಮುಗಿಯುತ್ತ ಬಂದಾಗ ಸಾಲಿನ ಕೊನೆಯ ಉಕಾರ, ಎಕಾರಗಳು ಬೇಸ್‌ನ ಕೆಳಗೆ ಮುಳುಗುತ್ತವೆ. ಆ ತುದಿಗಳನ್ನು ಒಂದೆರಡು ಡೆಸಿಬಲ್ ಎತ್ತಿ, ಆದರೆ ಅಲ್ಲಿ ಸಿಂಬಲ್ ಪೆಟ್ಟು ಬಿದ್ದಿದ್ದರೆ ಧ್ವನಿಯನ್ನು ಹಾಗೆಯೇ ಬಿಟ್ಟು ಬೇಸ್ ಅನ್ನೇ ಅಷ್ಟು ಇಳಿಸಿ.